ಒಂಬತ್ತನೇ ತಟ್ಟೆ

"ನನ್ನ ಹೆಂಡತಿಯ ದನಿ ನಿಮಗೆ ಎಲ್ಲಿ ಸಿಕ್ತು?"

ಬಾಗಿಲು ತಳ್ಳಿಕೊಂಡು ಬಂದವನು ನಮಸ್ಕಾರ ಇಲ್ಲ, ಹಲೋ ಇಲ್ಲ, ಆಡಿದ ಮೊದಲ ಮಾತೇ ಇದು!

ರಂಜನಿ ಕೈಯಲ್ಲಿದ್ದ ಕಾಫಿ ಕಪ್ಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಓಕ್ಲ್ಯಾಂಡಿನ ಗುಡ್ಡದಾಚೆಯ ಡ್ಯಾನ್‌ವಿಲ್‌ನ ಆ ಪುಟ್ಟ ಆಫೀಸಿನಲ್ಲಿ ಬೆಳಗಿನ ಒಂಬತ್ತೂವರೆಗೆ ಅವಳೊಬ್ಬಳೇ ಇದ್ದಳು. ಎದುರಿಗೆ ನಿಂತವನಿಗೆ ಮೂವತ್ತೆಂಟು ಇರಬಹುದು. ಗಡ್ಡ ಬಿಟ್ಟ ಮುಖ, ಕಪ್ಪು ಟೀ ಶರ್ಟು, ಕೆಂಪಾದ ಕಣ್ಣು. ಕೋಪವೋ, ಅತ್ತು ಬಂದಿದ್ದಾನೋ ಹೇಳುವುದು ಕಷ್ಟವಿತ್ತು.

"ಯಾರು ನೀವು? ನಿಮ್ಮ ಹೆಂಡತಿ ಯಾರೂಂತ ನನಗೆ ಹೇಗ್ರೀ ಗೊತ್ತಾಗ್ಬೇಕು?"

"ಸುಘೋಷ್. ಬಿಂದುಶ್ರೀ ಅವರ ಮಗನ ಬಾರ್ ಮಿಟ್ಜ್ವಾ ಪಾರ್ಟಿಗೆ ಮ್ಯೂಸಿಕ್ಕು, ಸೌಂಡು ನಂದೇ. ಕಾಂಟ್ರಾಕ್ಟ್ ಕಳ್ಸಿದ್ದು ನೀವೇ ತಾನೆ?"

"ಹೌದು, ನಾನೇ. ರಂಜನಿ."

"ಇವತ್ತು ಬೆಳಿಗ್ಗೆ ಎಂಟಕ್ಕೆ ಈ ಆಫೀಸಿನ ನಂಬರಿಂದ ನನಗೆ ಫೋನ್ ಬಂತು. ಪಾರ್ಟಿಗೆ ಇನ್ನು ಮೂವತ್ತು ದಿನ ಇದೆ, ಕಾಂಟ್ರಾಕ್ಟ್ ಕನ್‌ಫರ್ಮ್ ಮಾಡಿ ಅಂತ. ಮಾತಾಡಿದ್ದು ಪದ್ಮಜಾ."

"ಪದ್ಮಜಾ ಅಂದ್ರೆ...?"

"ನನ್ನ ಹೆಂಡತಿ. ಅವಳು ಸತ್ತು ಎರಡೂವರೆ ವರ್ಷ ಆಯ್ತು ರೀ!"

ರಂಜನಿಯ ಮೈ ಝುಮ್ಮೆಂದಿತು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಕಣ್ಣು ಅವಳ ಕುರ್ಚಿಯ ಮೇಲೆ ನಿಂತಿತು. ನೀಲಿ ಬಣ್ಣದ ಹಳೇ ಕುರ್ಚಿ. ಬಲಗೈ ಇಡುವ ಕಡೆ ಬಟ್ಟೆ ಹರಿದು, ಯಾರೋ ನೀಟಾಗಿ ಹೊಲಿದಿದ್ದರು.

"ಇಲ್ಲಿ ಕೆಲಸ ಮಾಡ್ತಿದ್ದಾಗ ಅವಳು ಕೂತ್ಕೋತಿದ್ದ ಕುರ್ಚಿ ಇದೇ" ಎಂದ ಅವನು. "ಆ ಹೊಲಿಗೆ ಅವಳದೇ."

ರಂಜನಿ ತಟ್ಟನೆ ಎದ್ದು ನಿಂತಳು!

ಅಷ್ಟು ಹೊತ್ತಿಗೆ ಸರಿಯಾಗಿ ಮೇಜಿನ ಫೋನು ಹೊಡೆದುಕೊಂಡಿತು. ಪಾರ್ಟಿಗೆ ಅಡುಗೆ ಮಾಡಬೇಕಿದ್ದ ಮಿರಿಯಮ್ ಅಜ್ಜಿ. ಯಹೂದಿಗಳ ಮಡಿಯ ಅಡುಗೆ, ಅಂದರೆ ಕೋಶರ್ ಅಡುಗೆ, ಮಾಡುವುದರಲ್ಲಿ ಎತ್ತಿದ ಕೈ ಅವರದು.

"ರಂಜನಿ ಡಿಯರ್, ನಿಮ್ಮ ಆಫೀಸಿನ ಹುಡುಗಿ ಬೆಳಿಗ್ಗೆ ಫೋನ್ ಮಾಡಿದ್ದಳು. ಎಷ್ಟು ಚೆನ್ನಾಗಿ ಮಾತಾಡ್ತಾಳೆ! ಕಾಂಟ್ರಾಕ್ಟೂ ಸಿಕ್ಕಿತು. ಕೆಲಸದವರ ಊಟ ಒಂಬತ್ತು, ಸರೀನಾ?"

"ಒಂಬತ್ತಾ? ಎಂಟು ಅಂತ ಬರೆದಿದ್ದೆನಲ್ಲ..."

"ನನ್ನ ಕೈಯಲ್ಲಿರೋದರಲ್ಲಿ ಒಂಬತ್ತು ಇದೆ ಮಗು."

ರಂಜನಿ ಫೋನಿಟ್ಟು ಕಂಪ್ಯೂಟರಿನಲ್ಲಿ ಕಾಂಟ್ರಾಕ್ಟು ತೆರೆದಳು. ನಿನ್ನೆ ತನ್ನ ಕೈಯಾರೆ ತುಂಬಿದ ಕಾಗದ. ಕೊನೆಯ ಪುಟದಲ್ಲಿ ಸ್ಪಷ್ಟವಾಗಿ ಇತ್ತು, ಒಂಬತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ, ನಮ್ಮ ರಂಜನಿಯ ಕೆಲಸ ಏನೆಂದು ಹೇಳಿಬಿಡುತ್ತೇನೆ. ಬಾರ್ ಮಿಟ್ಜ್ವಾ ಅಂದರೆ ಯಹೂದಿ ಹುಡುಗನಿಗೆ ಹದಿಮೂರು ತುಂಬಿದಾಗ ನಡೆಯುವ ಶಾಸ್ತ್ರ. ನಮ್ಮ ಕಡೆ ಉಪನಯನ ಇದ್ದ ಹಾಗೆ ಅಂದುಕೊಳ್ಳಿ. ಶನಿವಾರ ಅವರ ಮಂದಿರದಲ್ಲಿ ಹುಡುಗ ಗ್ರಂಥ ಓದುತ್ತಾನೆ, ಆಮೇಲೆ ಭರ್ಜರಿ ಪಾರ್ಟಿ. ಹಾಲ್‌ನವರು, ಅಡುಗೆಯವರು, ಫೋಟೋದವರು, ಹಾಡು ಹಾಕುವವರು, ಬಲೂನಿನವರು... ಒಬ್ಬೊಬ್ಬರ ಜೊತೆಯೂ ಒಂದೊಂದು ಕಾಂಟ್ರಾಕ್ಟು. ಯಾರು ಎಷ್ಟು ಹೊತ್ತಿಗೆ ಸಾಮಾನು ಇಳಿಸಬೇಕು, ಕೈಕೊಟ್ಟರೆ ಏನು ಗತಿ, ಅಂದು ಯಾರಿಗೆ ಫೋನ್ ಮಾಡಬೇಕು, ಎಲ್ಲವೂ ಅದರಲ್ಲಿರಬೇಕು. ಕೆಲಸಕ್ಕೆ ಬಂದವರಿಗೆ ಬಿಸಿ ಊಟ ಹಾಕಬೇಕೆಂಬುದೂ ಇರಬೇಕು. ಇದನ್ನೆಲ್ಲ ಬರೆದು, ಸಹಿ ಹಾಕಿಸಿ, ಪಾರ್ಟಿ ಮುಗಿಯುವ ತನಕ ಕಾಯುವವಳು ರಂಜನಿ.

ಮಾಲಕಿ ಸಿಂಧು ಈ ಆಫೀಸನ್ನು ಕೊಂಡು ಎರಡು ವರ್ಷವಾಗಿತ್ತು. ಅದಾದ ಮೇಲೆ ಬಂದ ಮೊದಲ ಬಾರ್ ಮಿಟ್ಜ್ವಾ ಇದು. ಹೊಸ ಕಡತಗಳಲ್ಲಿ ಏನೂ ಸಿಗದೆ ರಂಜನಿ ಹಳೆಯದನ್ನು ಕೆದಕಿದ್ದಳು. ಆಗ ಸಿಕ್ಕಿದ ನಮೂನೆ ಅದೆಷ್ಟು ಅಚ್ಚುಕಟ್ಟು! ಹುಡುಗನನ್ನು ಕುರ್ಚಿ ಸಮೇತ ಎತ್ತಿ ಕುಣಿಸುತ್ತಾರೆ, ಅದಕ್ಕೆ ಕೈ ಇರುವ ಗಟ್ಟಿ ಕುರ್ಚಿಯೇ ಬೇಕು ಅಂತ ಕೂಡ ಬರೆದಿತ್ತು. ಪುಣ್ಯಾತಗಿತ್ತಿ ಯಾರೋ ಎಂದುಕೊಂಡು ರಂಜನಿ ಅದನ್ನೇ ನಕಲು ಮಾಡಿ ಎಲ್ಲರಿಗೂ ಕಳಿಸಿದ್ದಳು.

ಆ ಪುಣ್ಯಾತಗಿತ್ತಿಯ ಗಂಡ ಈಗ ಎದುರಿಗೆ ನಿಂತಿದ್ದ.

ಇಬ್ಬರೂ ಸೇರಿ ಕಂಪ್ಯೂಟರಿನಲ್ಲಿ ಹುಡುಕಿದರು. ಅರ್ಧ ಗಂಟೆಗೆ ಗುಟ್ಟು ಸಿಕ್ಕಿತು. ಪದ್ಮಜಾ ತನ್ನದೇ ದನಿಯಲ್ಲಿ ಮಾತು ರೆಕಾರ್ಡ್ ಮಾಡಿಟ್ಟು ಆ ನಮೂನೆಗೆ ಜೋಡಿಸಿದ್ದಳು. ಪಾರ್ಟಿಗೆ ಮೂವತ್ತು ದಿನ ಇದ್ದಾಗ ಒಮ್ಮೆ, ಏಳು ದಿನ ಇದ್ದಾಗ ಇನ್ನೊಮ್ಮೆ, ಎಲ್ಲರಿಗೂ ಫೋನು ತಾನಾಗಿಯೇ ಹೋಗುತ್ತಿತ್ತು.

ರಂಜನಿ ಗುಂಡಿ ಒತ್ತಿದಳು. ಇಂಗ್ಲಿಷಿನಲ್ಲಿ ಒಂದು ಹೆಣ್ಣಿನ ದನಿ ಕೋಣೆ ತುಂಬಿತು. ನಗುತ್ತಾ ಮಾತಾಡುವ ದನಿ.

ಸುಘೋಷ್ ಗೋಡೆಗೆ ಒರಗಿ ನೆಲದ ಮೇಲೇ ಕೂತುಬಿಟ್ಟ.

"ಇನ್ನೊಂದ್ಸಲ ಹಾಕ್ತೀರಾ?"

ಹಾಕಿದಳು. ನಾಲ್ಕು ಸಲ ಹಾಕಿದಳು.

"ಅಳಿಸಿಬಿಡ್ಲಾ?" ರಂಜನಿ ಮೆಲ್ಲಗೆ ಕೇಳಿದಳು.

"ಬೇಡ... ಅಳಿಸಬೇಡಿ. ಆದ್ರೆ ಫೋನ್ ಮಾತ್ರ ಮತ್ತೆ ಬರೋದು ಬೇಡ. ಸ್ಕ್ರೀನ್ ಮೇಲೆ ಆ ನಂಬರ್ ನೋಡಿದಾಗ ಒಂದು ಸೆಕೆಂಡು... ಒಂದೇ ಸೆಕೆಂಡು, ಅವಳು ಇದ್ದಾಳೆ ಅಂದ್ಕೊಂಡೆ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ ರೀ."

ಅವನ ಎದುರೇ ರಂಜನಿ ಫೋನು ಹೋಗುವುದನ್ನು ಬಂದ್ ಮಾಡಿದಳು. ಪರದೆ ತಿರುಗಿಸಿ ತೋರಿಸಿದಳು.

"ಊಟ... ತಿಂಡಿ ಆಯ್ತಾ ನಿಮ್ದು?" ಯಾಕೆ ಕೇಳಿದಳೋ ಅವಳಿಗೇ ಗೊತ್ತಿಲ್ಲ. ಬ್ಯಾಗಿನಿಂದ ಕಡಲೆಕಾಯಿ ಚಿಕ್ಕಿ ತೆಗೆದು ಮುಂದೆ ಹಿಡಿದಳು.

ಅವನು ಅವಳ ಮುಖವನ್ನೇ ನೋಡಿದ. ಎರಡೂವರೆ ವರ್ಷದಲ್ಲಿ ಈ ಮಾತನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಚಿಕ್ಕಿ ತೆಗೆದುಕೊಂಡು ಹೊರಟುಹೋದ.

ಆಮೇಲೆ ಶುರುವಾಯಿತು ನೋಡಿ!

ಸ್ಪೀಕರ್ ಎಷ್ಟು, ವೈರು ಎಲ್ಲಿ ಎಳೆಯಬೇಕು ಎಂದು ದಿನಕ್ಕೊಂದು ಫೋನು. ಕೆಲಸದ ಮಾತು ಐದು ನಿಮಿಷ, ಉಳಿದದ್ದು ಅರ್ಧ ಗಂಟೆ. ಅವನು ಬೆಂಗಳೂರಿನ ಬಸವನಗುಡಿಯವನು, ಇವಳು ಮೈಸೂರಿನವಳು. ಯಾವ ಊರಿನ ದೋಸೆ ದೊಡ್ಡದು ಎಂಬ ಜಗಳ ಮೂರು ದಿನ ನಡೆಯಿತು. ಪ್ರತಿ ಸಲವೂ ಫೋನಿಡುವ ಮುಂಚೆ ರಂಜನಿ ಕೇಳುತ್ತಿದ್ದಳು, "ಊಟ ಆಯ್ತಾ?"

ಆ ಮಾತು ಅವಳ ಬಾಯಿಗೆ ಬಂದದ್ದಕ್ಕೂ ಕಾರಣವಿತ್ತು. ಅವಳಿಗೆ ಡೈವೋರ್ಸ್ ಆಗಿ ನಾಲ್ಕು ವರ್ಷ. ಅಂದಿನಿಂದ ಸ್ಯಾನ್ ಹೊಸೆಯಲ್ಲಿ ಅಣ್ಣ ಸುಮನ್ ಮನೆಯಲ್ಲಿ ಇದ್ದಾಳೆ. ಕೆಟ್ಟವರೇನಲ್ಲ ಅಣ್ಣ ಅತ್ತಿಗೆ. ಆದರೂ ನೆಂಟರು ಬಂದಾಗ ತಟ್ಟೆ ಎಣಿಸಿ ತರುವವಳು ರಂಜನಿ, ಎಲ್ಲರೂ ಕೂತ ಮೇಲೆ ಒಂದು ತಟ್ಟೆ ಕಡಿಮೆ ಬೀಳುವುದೂ ರಂಜನಿಗೇ. ತನ್ನನ್ನು ಬಿಟ್ಟು ಎಣಿಸುವುದು ಅವಳಿಗೆ ಅಷ್ಟರಮಟ್ಟಿಗೆ ರೂಢಿಯಾಗಿಹೋಗಿತ್ತು.

ಈ ಮನುಷ್ಯ ನನ್ನ ಜೀವನದಲ್ಲಿ ಇದ್ದರೆ...!

ಯೋಚನೆ ಬಂದ ಮರುಕ್ಷಣವೇ ಎದೆ ಚುರ್ರೆಂದಿತು. ಅವನ ಮನಸ್ಸಿನಲ್ಲಿ ಇರುವವಳು ಇನ್ನೂ ಫೋನ್ ಮಾಡುತ್ತಾಳೆ. ಇದ್ದವರ ಜೊತೆ ಪೈಪೋಟಿ ಮಾಡಬಹುದು, ಹೋದವರ ಜೊತೆ ಹೇಗೆ ಮಾಡುವುದು?

ಹಾಲ್ ನೋಡಲು ಓಕ್ಲ್ಯಾಂಡಿನ ಗುಡ್ಡದ ಮೇಲೆ ಎಲ್ಲರೂ ಸೇರಿದ ದಿನ ಮಂಜು ಕವಿದಿತ್ತು. ಹಗಲು ಹನ್ನೊಂದಕ್ಕೂ ಎದುರಿನ ಮರ ಕಾಣಿಸದು. ನೂರು ವರ್ಷದ ಮರದ ಕಟ್ಟಡ, ಕಾಲಿಟ್ಟಲ್ಲೆಲ್ಲ ಕಿರ್ರೆನ್ನುವ ನೆಲ. ಹುಡುಗನ ತಾಯಿ ಬಿಂದುಶ್ರೀ ಬಂದಿದ್ದಳು. ಗಂಡ ಯಹೂದಿ ಡಾಕ್ಟರು, ಇವಳು ಮಂಡ್ಯ ಕಡೆಯವಳು. ಮೊಮ್ಮಗನ ಶಾಸ್ತ್ರಕ್ಕೆಂದು ಊರಿನಿಂದ ಬಂದಿದ್ದ ತಾಯಿ ನಂಜಮ್ಮನೂ ಸ್ವೆಟರಿನ ಮೇಲೆ ಶಾಲು ಹೊದ್ದು ಜೊತೆಗಿದ್ದರು.

ಅಡುಗೆಮನೆಯ ಹಿಂದೆ ಕೆಲಸದವರು ಊಟ ಮಾಡುವ ಸಣ್ಣ ಕೋಣೆ. ಅಲ್ಲಿ ಉದ್ದ ಮೇಜು, ಸುತ್ತ ಕುರ್ಚಿ. ರಂಜನಿ ಎಣಿಸಿದಳು. ಒಂಬತ್ತು.

"ಎಂಟು ಸಾಕು" ಎಂದು ಒಂದನ್ನು ತಾನೇ ಎತ್ತಿ ಹೊರಗಿಟ್ಟಳು.

ಸಾಮಾನು ಇಳಿಸುವ ಬಾಗಿಲು ನೋಡಿಕೊಂಡು ಹತ್ತು ನಿಮಿಷಕ್ಕೆ ಮರಳಿ ಬಂದರೆ... ಒಂಬತ್ತು!

"ಇದನ್ನ ಯಾರು ಒಳಗಿಟ್ರು?"

ಹಾಲ್‌ನ ಕಾವಲಿನವನು ತಲೆಯಾಡಿಸಿದ. ಪಟ್ಟಿಯಲ್ಲಿ ಒಂಬತ್ತು ಇದೆ, ಪಟ್ಟಿಯಂತೆ ಇಟ್ಟಿದ್ದೇನೆ ಎಂದ. ಕೈಯಲ್ಲಿದ್ದದ್ದು ರಂಜನಿಯೇ ಕಳಿಸಿದ ಕಾಂಟ್ರಾಕ್ಟು.

ಮೂರು ಸಲ ತಿದ್ದಿದ್ದಳು ಅವಳು. ಎಂಟು ಎಂದು ಒತ್ತಿ, ಉಳಿಸಿ, ಕಳಿಸಿದರೆ ಅತ್ತ ಕಡೆ ಒಂಬತ್ತಾಗಿ ಬೀಳುತ್ತಿತ್ತು. ಯಾರಿಗೂ ಹೇಳಿಕೊಳ್ಳುವಂತಿಲ್ಲ, ಹೇಳಿದರೆ ಹುಚ್ಚಿ ಅಂದಾರು.

ನಂಜಮ್ಮ ಆ ಕೊನೆಯ ಕುರ್ಚಿಯನ್ನೇ ನೋಡುತ್ತಾ ನಿಂತಿದ್ದರು.

"ಯಾರ್‌ಗವ್ವ ಆ ಜಾಗ?"

"ಯಾರಿಗೂ ಇಲ್ಲ ಅಜ್ಜಿ. ಲೆಕ್ಕ ತಪ್ಪಿದೆ."

"ಲೆಕ್ಕ ತಪ್ಪಿಲ್ಲ ಕಣವ್ವ" ನಂಜಮ್ಮ ದನಿ ತಗ್ಗಿಸಿದರು. "ನಮ್ಮೂರಲ್ಲಿ ಹೋದೋರಿಗೆ ಎಡೆ ಮಡುಗ್ತೀವಲ್ಲ, ಹಂಗದೆ ಅದು. ಬರೋರು ಯಾರೋ ಅವ್ರೆ. ಇರ್ಲಿ ಬುಡು, ತೆಗೀಬ್ಯಾಡ."

ಹಿಂದೆಯೇ ವೈರಿನ ಸುರುಳಿ ಹಿಡಿದು ನಿಂತಿದ್ದ ಸುಘೋಷ್ ಅದನ್ನು ಕೇಳಿಸಿಕೊಂಡ. ಅವನ ಮುಖ ಬಿಳುಚಿಕೊಂಡದ್ದನ್ನು ರಂಜನಿ ನೋಡಿದಳು. ಹೊರಡುವಾಗ ಮಂಜಿನಲ್ಲಿ ಅವಳ ಕಾರಿನ ತನಕ ಅವನು ಜೊತೆಗೆ ನಡೆದುಬಂದ.

"ಹೆದರ್ಕೊಂಡ್ರಾ?" ಎಂದ.

"ಸ್ವಲ್ಪ. ನೀವು?"

"ನಾನು..." ಅವನು ನಕ್ಕ. "ಮೊದಲೆಲ್ಲ ಅವಳು ಬರಲಿ ಅಂತ ಕಾಯ್ತಿದ್ದೆ. ಈಚೆಗೆ ನಿಮ್ಮ ಫೋನ್ ಬರಲಿ ಅಂತ ಕಾಯ್ತೀನಿ. ಅದಕ್ಕೇ ಭಯ ಆಗತ್ತೆ."

ಅಯ್ಯೋ, ಆ ದಿನ ಫ್ರೀವೇಯಲ್ಲಿ ನಮ್ಮ ಹುಡುಗಿ ಎರಡು ತಿರುವು ತಪ್ಪಿಸಿಕೊಂಡಳು!

ಆ ಖುಷಿ ಉಳಿದದ್ದು ಎಂಟೇ ದಿನ.

ಪಾರ್ಟಿಗೆ ಸರಿಯಾಗಿ ಒಂದು ವಾರವಿದ್ದ ಭಾನುವಾರ. ರಂಜನಿ ಗ್ರೋಸರಿಗೆಂದು ಹೋಗಿದ್ದಳು. ತರಕಾರಿ ಮುಂದೆ ನಿಂತಿದ್ದಾಗ ಸುಘೋಷ್ ಫೋನು ಬಂತು. ಖುಷಿಯಿಂದ ಎತ್ತಿಕೊಂಡಳು.

"ರಂಜನಿ, ಒಂದು ಮಾತು ಕೇಳ್ತೀನಿ. ನಿಜ ಹೇಳಿ." ದನಿ ಕಲ್ಲಿನಂತಿತ್ತು.

"ಏನಾಯ್ತು?"

"ಈಗ ತಾನೆ ಮತ್ತೆ ಫೋನ್ ಬಂತು. ಅವಳದೇ ದನಿ."

"ಸಾಧ್ಯಾನೇ ಇಲ್ಲ! ನಿಮ್ಮ ಮುಂದೇನೇ ಬಂದ್ ಮಾಡಿದ್ನಲ್ಲ..."

"ಈ ಸಲ ಕನ್ನಡದಲ್ಲಿ. ಏನಂತ ಗೊತ್ತಾ? 'ರೀ, ಊಟ ಮಾಡಿಕೊಂಡು ಬನ್ನಿ. ಖಾಲಿ ಹೊಟ್ಟೇಲಿ ಸ್ಪೀಕರ್ ಹೊರಬೇಡಿ. ಅಲ್ಲಿ ನಿಮ್ಮನ್ನ ಕೇಳೋರು ಒಬ್ಬರು ಇರ್ತಾರೆ.'"

ರಂಜನಿಯ ಕೈಯಲ್ಲಿದ್ದ ಹುರುಳಿಕಾಯಿ ಕೆಳಗೆ ಬಿತ್ತು.

"ದಿನಾ ಊಟ ಆಯ್ತಾ ಅಂತ ಕೇಳೋರು ಯಾರು? ನೀವು" ಎಂದ ಅವನು. "ದನಿ ಕೊಟ್ರೆ ಏನು ಬೇಕಾದ್ರೂ ಮಾತಾಡ್ಸೋ ಆ್ಯಪುಗಳು ಈಗ ಬೇಕಾದಷ್ಟಿವೆ. ಅವಳ ದನಿ ಇರೋದು ನಿಮ್ಮ ಕಂಪ್ಯೂಟರಲ್ಲಿ. ಮನಸ್ಸಿದ್ರೆ ನೇರವಾಗಿ ಹೇಳಬಹುದಿತ್ತು ರಂಜನಿ. ಸತ್ತವಳ ಬಾಯಲ್ಲಿ ಹೇಳಿಸಬೇಕಿತ್ತಾ?"

"ಸುಘೋಷ್! ನಾನು ಅಂಥವಳು ಅಂತ..."

ಫೋನು ಕಟ್ ಆಗಿತ್ತು.

ಜನ ಓಡಾಡುತ್ತಿದ್ದಾರೆಂಬುದನ್ನೂ ಮರೆತು ರಂಜನಿ ಅಲ್ಲೇ ಅತ್ತಳು. ಕಳ್ಳಿ ಅಂದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ತನ್ನ ಮನಸ್ಸನ್ನು ಸತ್ತವಳ ಬಾಯಲ್ಲಿ ಹೇಳಿಸಿದಳು ಎಂದನಲ್ಲ... ಅದು ನುಂಗಲಾಗದ ಮಾತು.

ಸೋಮವಾರ ಸಿಂಧು ಮುಂದೆ ಹೋಗಿ ನಿಂತಳು. "ಈ ಪಾರ್ಟೀನ ಬೇರೆಯವರಿಗೆ ಕೊಟ್ಬಿಡಿ. ನನ್ನ ಕೈಲಾಗಲ್ಲ."

"ಹನ್ನೊಂದು ಕಾಂಟ್ರಾಕ್ಟಲ್ಲೂ ಪಾರ್ಟಿ ದಿನ ಸಂಪರ್ಕಿಸಬೇಕಾದವರು ಅಂತ ನಿನ್ನ ಹೆಸರೇ ಇದೆ ಕಣೇ" ಎಂದಳು ಸಿಂಧು. "ಈಗ ಯಾರನ್ನ ಹಾಕ್ಲಿ?"

ಅದೂ ನಿಜವೇ. ಬರೆದವಳು ತಾನೇ. ರಂಜನಿ ಕಣ್ಣೊರೆಸಿಕೊಂಡು ಕೆಲಸಕ್ಕೆ ಕೂತಳು, ಆ ನೀಲಿ ಕುರ್ಚಿಯಲ್ಲೇ.

"ಅಕ್ಕಾ" ಎಂದಳು ಖಾಲಿ ಕೋಣೆಗೆ. "ನಿಮ್ಮಿಂದ ಏನನ್ನೂ ಕಿತ್ಕೊಳ್ಳೋಕೆ ಬಂದಿಲ್ಲ ನಾನು."

ಯಾರೂ ಉತ್ತರಿಸಲಿಲ್ಲ, ನಿಜ. ಆದರೆ ಪ್ರಿಂಟರು ತಾನಾಗಿ ಗುರ್ರೆಂದು ಒಂದು ಹಾಳೆ ಉಗುಳಿತು. ಹಾಳೆ ಖಾಲಿ ಇತ್ತು. ರಂಜನಿ ಆ ದಿನ ಬೇಗ ಮನೆಗೆ ಹೋದಳು.

ಪಾರ್ಟಿಯ ಭಾನುವಾರವೂ ಮಂಜು. ಗುಡ್ಡದ ಮೇಲಿನ ಆ ಹಾಲ್ ಒಂದೇ ಪ್ರಪಂಚದಲ್ಲಿ ಉಳಿದ ಹಾಗಿತ್ತು. ಬೆಳಿಗ್ಗೆ ಏಳರಿಂದ ರಂಜನಿ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡಿದಳು. ಸುಘೋಷ್ ಸ್ಪೀಕರ್ ಇಳಿಸಿದ, ವೈರು ಎಳೆದ. ಎರಡು ಸಲ ಅವಳ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದ. ಎರಡು ಸಲವೂ ಅವಳು "ಹನ್ನೊಂದೂವರೆಗೆ ಮೈಕ್ ಬೇಕು" ಎಂದು ಹೇಳಿ ಮುಂದೆ ನಡೆದಳು.

ಕೋಶರ್ ಅಡುಗೆಮನೆ ಆದ್ದರಿಂದ ಹೊರಗಿನ ತಿಂಡಿ ಒಳಗೆ ತರುವಂತಿಲ್ಲ ಎಂದು ಕಾಂಟ್ರಾಕ್ಟಿನಲ್ಲೇ ಇತ್ತು. ಬರೆದವಳೇ ಮುರಿಯುವುದು ಹೇಗೆ? ಅವಳ ಚಿಕ್ಕಿ ಕಾರಿನಲ್ಲೇ ಉಳಿಯಿತು. ಬೆಳಗಿನಿಂದ ಹೊಟ್ಟೆಗೆ ಒಂದು ಲೋಟ ನೀರು.

ಪಾರ್ಟಿ ಮಾತ್ರ ದೇವರಾಣೆ ಚೆನ್ನಾಗಿ ನಡೆಯಿತು! ಹುಡುಗ ಮೈಕಾನನ್ನು ಕೈ ಇರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಎತ್ತಿ ಕುಣಿಸಿದರು. ನಂಜಮ್ಮ "ಬೀಳ್ಸ್‌ಬ್ಯಾಡ್ರಪ್ಪೋ ನನ್ ಕೂಸ್ನ!" ಎಂದು ಕೂಗಿದ್ದು ಹಾಡಿಗಿಂತ ಜೋರಾಗಿ ಕೇಳಿಸಿತು.

ಒಂದೂಮುಕ್ಕಾಲಿಗೆ ಕೆಲಸದವರ ಊಟ. ಸುಘೋಷ್ ಮುಂದಿನ ಹಾಡುಗಳನ್ನು ಹೊಂದಿಸುತ್ತಾ ಹಿಂದೆ ಉಳಿದ. ಉಳಿದ ಏಳೂ ಜನ ಉಂಡು ಎದ್ದ ಮೇಲೆ ರಂಜನಿ ಆ ಕೋಣೆಗೆ ಹೋದಳು. ಮೇಜಿನ ಮೇಲೆ ಮುಚ್ಚಿಟ್ಟ ಎರಡು ತಟ್ಟೆ. ಒಂದು ಸುಘೋಷನದು. ಇನ್ನೊಂದು...

ಒಂಬತ್ತನೆಯದು.

ಮಿರಿಯಮ್ ಅಜ್ಜಿ ಚೀಟಿ ಅಂಟಿಸಿದ್ದರು. ಸಸ್ಯಾಹಾರ ಎಂದು ಬರೆದಿತ್ತು. ಕೆಲಸಕ್ಕೆ ಬಂದ ಎಂಟು ಜನರಲ್ಲಿ ಸಸ್ಯಾಹಾರ ಕೇಳಿದವನು ಸುಘೋಷ್ ಒಬ್ಬನೇ.

ಕಿಟಕಿಗೆ ಮಂಜು ಅಂಟಿಕೊಂಡಿತ್ತು. ರಂಜನಿಯ ಹಣೆಯಲ್ಲಿ ತಣ್ಣನೆ ಬೆವರು. ತಲೆ ಸುತ್ತಿದಂತಾಗಿ ಕುರ್ಚಿ ಹಿಡಿದುಕೊಂಡಳು.

ಆಗ ಅವಳ ಮೊಬೈಲು ಹೊಡೆದುಕೊಂಡಿತು. ಆಫೀಸಿನ ನಂಬರು. ಭಾನುವಾರ ಆಫೀಸು ಮುಚ್ಚಿರುತ್ತದೆ!

"ಹಲೋ...?"

ನಗುತ್ತಾ ಮಾತಾಡುವ ದನಿ. ಇಷ್ಟು ಹತ್ತಿರದಿಂದ ಅವಳು ಅದನ್ನು ಕೇಳಿರಲೇ ಇಲ್ಲ.

"ಎಲ್ಲರದೂ ಆಯ್ತಲ್ಲ? ಇನ್ನು ನೀನು ಕೂತ್ಕೋ. ಆ ತಟ್ಟೆ ನಿನ್ನದು. ಆರೋಕೆ ಮುಂಚೆ ತಿನ್ನು."

ಅಷ್ಟೇ. ಫೋನು ಸುಮ್ಮನಾಯಿತು.

ರಂಜನಿ ಕುಸಿದು ಕೂತದ್ದು ಅದೇ ಒಂಬತ್ತನೇ ಕುರ್ಚಿಯಲ್ಲಿ. ಬಾಗಿಲಲ್ಲಿ ಸುಘೋಷ್ ನಿಂತಿದ್ದ.

"ರಂಜನಿ! ಏನಾಯ್ತು? ಮುಖ ಯಾಕೆ ಹೀಗಿದೆ?"

"ಹತ್ತಿರ ಬರಬೇಡಿ" ಎಂದಳು. "ನಾನೇನೂ ಮಾಡಿಸಿಲ್ಲ. ಈಗ್ಲೂ ಮಾಡಿಸಿಲ್ಲ..."

"ಗೊತ್ತು."

"ಏನು ಗೊತ್ತು?"

ಅವನು ಬಂದು ಎದುರಿಗೆ ಕೂತ. "ಹೋದ ಭಾನುವಾರ ಆ ಫೋನನ್ನ ಪೂರ್ತಿ ಕೇಳದೇ ಕಟ್ ಮಾಡಿದ್ದೆ. ನನ್ನ ಫೋನಲ್ಲಿ ಎಲ್ಲಾ ಕಾಲೂ ರೆಕಾರ್ಡ್ ಆಗತ್ತೆ ಅಂದ್ಕೊಂಡು ನಿನ್ನೆ ಹುಡುಕ್ದೆ, ಆಗಿರ್ಲಿಲ್ಲ. ಇವತ್ತು ಬೆಳಿಗ್ಗೆ ಆರಕ್ಕೆ ಸಿಂಧು ಅವರನ್ನ ಎಬ್ಬಿಸಿ ಆಫೀಸು ತೆಗೆಸ್ದೆ. ಹಳೇ ಕಡತದಲ್ಲಿ ನನ್ನ ನಂಬರಿಗೇ ಅಂತ ಬೇರೆ ಒಂದು ಮಾತು ಇಟ್ಟಿದ್ಲು. ನೀವು ಬಂದ್ ಮಾಡಿದ್ದು ಎಲ್ಲರಿಗೂ ಹೋಗೋದನ್ನ. ಇದು ಬೇರೆ ಕಡೆ ಇತ್ತು."

"ಅದು ಅವಳೇ ಹೇಳಿದ್ದಾ?"

"ಅವಳೇ. ಕೇಳೋರು ಒಬ್ಬರು ಇರ್ತಾರೆ ಅಂದಿದ್ದು ತನ್ನ ಬಗ್ಗೇನೇ. ಆಗೆಲ್ಲ ಪಾರ್ಟೀಲಿ ಅವಳೇ ಇರ್ತಿದ್ಲಲ್ಲ." ಅವನ ಕಣ್ಣು ತುಂಬಿತು. "ಕೊನೇಲಿ ಹಿಂದುಗಡೆಯಿಂದ ಒಂದು ಕೂಗು ಕೇಳಿಸತ್ತೆ. 'ಪದ್ದೀ, ಕುಕ್ಕರ್ ಮೂರು ಸಲ ಕೂಗ್ತು, ಆಫ್ ಮಾಡ್ಲಾ?' ಅಂತ. ನನ್ನದೇ ದನಿ ರಂಜನಿ! ಮೂರು ವರ್ಷದ ಹಿಂದೆ, ನಮ್ಮ ಮನೆ ಅಡುಗೆಮನೇಲಿ ನಾನು ಕೂಗಿದ್ದು. ಅದನ್ನ ಯಾವ ಆ್ಯಪು ಮಾಡತ್ತೆ?"

ರಂಜನಿ ಮೊಬೈಲನ್ನು ಮೇಜಿನ ಮೇಲಿಟ್ಟಳು.

"ಬೆಳಿಗ್ಗೆಯಿಂದ ಎರಡು ಸಲ ಕ್ಷಮೆ ಕೇಳೋಕೆ ಬಂದೆ. ನೀವು ಮೈಕ್ ಕೇಳಿ ಹೋದ್ರಿ."

"ಸತ್ತವಳ ಬಾಯಲ್ಲಿ ಹೇಳಿಸಿದೆ ಅಂದ್ರಿ ನನ್ನನ್ನ" ಅವಳು ಮುಖ ತಿರುಗಿಸಿದಳು. "ಆ ಒಂದು ಮಾತಿಗೆ ಒಂದು ವಾರ ನಿದ್ದೆ ಮಾಡಿಲ್ಲ ನಾನು."

"ತಪ್ಪಾಯ್ತು. ದೊಡ್ಡ ತಪ್ಪು. ಅವಳನ್ನ ಬಿಟ್ಟು ಇನ್ನೊಬ್ಬರು ನನ್ನ ಊಟ ಕೇಳಿದ್ರೆ ಇಷ್ಟ ಆಗ್ತಿದೆಯಲ್ಲ ಅಂತ ನನ್ನ ಮೇಲೇ ನನಗೆ ಸಿಟ್ಟಿತ್ತು. ಅದನ್ನ ನಿಮ್ಮ ಮೇಲೆ ಹಾಕ್ದೆ."

ಅವನು ತಟ್ಟೆಯ ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದ. ಅನ್ನ, ಹುರಿದ ಆಲೂಗಡ್ಡೆ, ಕಡಲೆಕಾಳು. ಇನ್ನೂ ಹಬೆಯಾಡುತ್ತಿತ್ತು.

"ಇದು ಯಾರದು?" ಎಂದಳು ರಂಜನಿ. "ಎಂಟು ಅಂತ ಬರೆದ್ರೆ ಒಂಬತ್ತು ಆಗತ್ತೆ. ಯಾರದು ಸುಘೋಷ್ ಇದು? ಅಜ್ಜಿ ಹೇಳಿದ ಹಾಗೆ ಅವರಿಗೆ ಇಟ್ಟ ಎಡೆನಾ?"

"ಅಲ್ಲ. ನಿಮ್ಮದು."

"ನಂದಾ?"

"ಪದ್ಮಜಾನೂ ನಿಮ್ಮ ಹಾಗೇ. ಎಲ್ಲರ ಊಟ ಬರೀತಿದ್ಲು, ತನ್ನನ್ನ ಮರೀತಿದ್ಲು. ಒಂದು ಪಾರ್ಟೀಲಿ ತಲೆ ಸುತ್ತಿ ಬಿದ್ಲು. ಆವತ್ತು ಸಿಟ್ಟಲ್ಲಿ, ಕಾಂಟ್ರಾಕ್ಟಿನ ನಮೂನೇಲೇ ಎಷ್ಟು ಬರೆದ್ರೂ ಒಂದು ಸಸ್ಯಾಹಾರದ ಊಟ ಜಾಸ್ತಿ ಆಗೋ ಹಾಗೆ ಮಾಡಿಟ್ಲು. ಯಾರೂ ತೆಗೆಯೋಕೆ ಬರದ ಹಾಗೆ. ಬೆಳಿಗ್ಗೆ ಕಡತ ನೋಡ್ದಾಗ ನೆನಪಾಯ್ತು." ಅವನು ನಕ್ಕ, ಅಳುತ್ತಲೇ. "ಬೆಳಿಗ್ಗೆಯಿಂದ ಏನು ತಿಂದಿದ್ದೀರಿ ರಂಜನಿ?"

ರಂಜನಿಗೆ ಅಳು ಒತ್ತರಿಸಿ ಬಂತು. ಮೂವತ್ಮೂರು ವರ್ಷದಲ್ಲಿ ತನಗೆಂದೇ ಎಣಿಸಿಟ್ಟ ಮೊದಲ ತಟ್ಟೆ. ಅದನ್ನು ಇಟ್ಟವಳನ್ನು ಅವಳು ಒಮ್ಮೆಯೂ ನೋಡಿಲ್ಲ.

"ಅವರು ಈಗ ಫೋನ್ ಮಾಡಿದ್ರು" ಎಂದಳು. "ನನಗೆ. ಆ ತಟ್ಟೆ ನಿನ್ನದು ಅಂದ್ರು. ಅದನ್ನೂ ತನಗೆ ಅಂತ ರೆಕಾರ್ಡ್ ಮಾಡಿಟ್ಟಿದ್ರಾ?"

ಸುಘೋಷ್ ತಟ್ಟನೆ ತಲೆ ಎತ್ತಿದ. "ನಿನ್ನದು ಅಂದ್ಲಾ?... ಗೊತ್ತಿಲ್ಲ ರಂಜನಿ. ನಾನು ನೋಡಿದ್ದು ಎರಡೇ ರೆಕಾರ್ಡಿಂಗು."

ಇಬ್ಬರೂ ಕಿಟಕಿಯ ಕಡೆ ನೋಡಿದರು. ಮಂಜು ಹಾಗೇ ಇತ್ತು. ಆದರೆ ಭಯ ಮಾತ್ರ ಯಾಕೋ ಅರ್ಧಕ್ಕರ್ಧ ಇಳಿದಿತ್ತು.

"ಒಂದು ಹೇಳ್ಲಾ?" ಎಂದ ಅವನು. "ಎರಡೂವರೆ ವರ್ಷದಿಂದ ದಿನಾ ಮನೇಲಿ ಎರಡು ತಟ್ಟೆ ಇಡ್ತೀನಿ. ಒಂದರಲ್ಲಿ ತಿಂತೀನಿ, ಇನ್ನೊಂದು ಹಾಗೇ ಇರತ್ತೆ. ನೀವು... ನೀವು ನನ್ನ ಜೊತೆ ಬಂದು ಕೂತ್ಕೋತೀರಾ? ಇವತ್ತಿಗೆ ಅಂತ ಅಲ್ಲ. ಯಾವಾಗ್ಲೂ. ನೀವಂದ್ರೆ ನನಗೆ ತುಂಬಾ ಇಷ್ಟ ರಂಜನಿ."

ಈ ಮಾತಿಗಾಗಿಯೇ ಅಲ್ಲವೇ ಅವಳು ಕಾದದ್ದು! ಆದರೂ ರಂಜನಿ ತಕ್ಷಣ ಹೂಂ ಅನ್ನಲಿಲ್ಲ. ಕಣ್ಣೊರೆಸಿಕೊಂಡು ನೇರ ಕೂತಳು. ಕಾಂಟ್ರಾಕ್ಟು ಬರೆಯುವವಳಲ್ಲವೇ, ಮಾತು ಸ್ಪಷ್ಟವಿರಬೇಕು.

"ಅವರ ತಟ್ಟೆ ಮುಂದೆ ಕೂರಲ್ಲ ನಾನು."

ಅವನ ಮುಖ ಬಾಡಿತು.

"ನನಗೆ ಬೇರೆ ತಟ್ಟೆ ಇಡಿ" ಎಂದಳು. "ಅವರದು ಅವರಿಗೇ ಇರಲಿ. ಅದನ್ನ ತೆಗೆದು ನನಗೆ ಜಾಗ ಮಾಡೋದು ಬೇಡ. ನನ್ನನ್ನ ಬೇರೆಯಾಗಿ ಎಣಿಸಿ, ಬರ್ತೀನಿ."

ಸುಘೋಷ್ ಬೆರಳು ಮಡಿಸಿ ಎಣಿಸಿದ. "ಹಾಗಾದ್ರೆ ಮೂರು?"

"ಮೂರು."

ಮರುದಿನ ರಂಜನಿ ಆಫೀಸಿಗೆ ಹೋಗಿ ಹಳೆಯ ಕಡತವನ್ನು ಒಂದೂ ಬಿಡದೆ ಜಾಲಾಡಿದಳು. ಪದ್ಮಜಾಳ ದನಿ ಎರಡು ಕಡೆ ಮಾತ್ರ ಇತ್ತು. ಮೂರನೆಯದು ಎಲ್ಲೂ ಇರಲಿಲ್ಲ. ಭಾನುವಾರ ಆ ನಂಬರಿನಿಂದ ಫೋನು ಹೋದ ದಾಖಲೆಯೂ ಇರಲಿಲ್ಲ. ಅವಳು ಕಂಪ್ಯೂಟರ್ ಆರಿಸಿ, ನೀಲಿ ಕುರ್ಚಿಯ ಹೊಲಿಗೆಯನ್ನು ಒಮ್ಮೆ ಸವರಿ, ಓಕ್ಲ್ಯಾಂಡಿಗೆ ಕಾರು ತಿರುಗಿಸಿದಳು.

ಇನ್ನೂ ಸಂಜೆಯ ಬಿಸಿಲಿತ್ತು. ಸುಘೋಷನ ಅಪಾರ್ಟ್‌ಮೆಂಟಿನ ಬಾಗಿಲು ತೆರೆದಿತ್ತು. ಒಳಗೆ ಕುಕ್ಕರು ಕೂಗುತ್ತಿತ್ತು. ಮೇಜಿನ ಮೇಲೆ ಮೂರು ತಟ್ಟೆ. ಎರಡು ಹಳೆಯವು, ಒಂದು ಹೊಚ್ಚ ಹೊಸದು, ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ.

"ಮೂರನೇ ರೆಕಾರ್ಡಿಂಗು ಇಲ್ವೇ ಇಲ್ಲ" ಎಂದಳು ರಂಜನಿ, ಬಾಗಿಲಲ್ಲೇ ನಿಂತು.

ಅವನು ಸೌಟು ಹಿಡಿದೇ ಹೊರಗೆ ಬಂದ. "ಭಯ ಆಗ್ತಿದೆಯಾ?"

"ಆಗ್ತಿತ್ತು, ದಾರಿಯುದ್ದಕ್ಕೂ" ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. "ಈಗ ಹಸಿವಾಗ್ತಿದೆ."

"ಕೂತ್ಕೋ" ಎಂದ ಸುಘೋಷ್. "ಮೊದಲು ನಿನಗೆ ಬಡಿಸ್ತೀನಿ."